ಗದ್ದ ಯಾವ ಕಡೆ

ದೊಡ್ಡ ಸಿಸ್ಟರ್ ಎದುರು ಆ ಹೆರಿಗೆ ಆಸ್ಪತ್ರೆಯಲ್ಲಿ ಡಾಕ್ಟರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. ಗಿಡ್ಡ ಹೆಂಗಸು, ದಪ್ಪ ಕನ್ನಡಕ, ನಗು ಮಾತ್ರ ಅಷ್ಟಕ್ಕಷ್ಟೇ. ನಾನೋ ಟೈಲರ್, ದಿನವಿಡೀ ಗಿರಾಕಿಗಳ ಜೊತೆ ಬಾಯಿ ಮಾಡಿ ಬದುಕುವವಳು. ತಂಗಿಯನ್ನು ಹೆರಿಗೆಗೆ ಸೇರಿಸಿದ ಬೆಳಿಗ್ಗೆಯೇ ನಮ್ಮಿಬ್ಬರಿಗೂ ಒಂದು ಸುತ್ತು ಜಟಾಪಟಿ ಆಯಿತು. ಹೊರಗೆ ಕೂತಿರಿ ಎಂದರು, ಆಗುವುದಿಲ್ಲ ಎಂದೆ. ಕೊನೆಗೆ, ತಂಗಿಯ ತಲೆಯ ಹತ್ತಿರ ನಿಂತಿರಬಹುದು, ಆದರೆ ಬಾಯಿಗೆ ಬೀಗ ಹಾಕಿಕೊಂಡಿರಬೇಕು ಎಂದು ಒಪ್ಪಿಕೊಂಡರು. ನನ್ನ ಬಾಯಿಗೆ ಬೀಗವಂತೆ!

ಅವರದೊಂದು ಪದ್ಧತಿ ಇತ್ತು. ಮಗು ಹೇಗೆ ಬರುತ್ತಿದೆ ಎಂದು ಒಬ್ಬ ಸಿಸ್ಟರ್ ಬೆರಳಿಟ್ಟು ನೋಡುವಾಗ ಇನ್ನೊಬ್ಬರು ಬಾಗಿಲಾಚೆ ಇರಬೇಕು. ಆಮೇಲೆ ಆ ಇನ್ನೊಬ್ಬರು ಬಂದು ತಾವೇ ಬೇರೆಯಾಗಿ ನೋಡಬೇಕು. ಇಬ್ಬರೂ ಹೇಳಿದ್ದು ತಾಳೆಯಾದರೆ ಮಾತ್ರ ಮುಂದಿನ ಕೆಲಸ. ಮೊದಲನೆಯವರ ಮಾತು ಕಿವಿಗೆ ಬಿದ್ದರೆ ಬೆರಳು ಅದನ್ನೇ ಹುಡುಕುತ್ತದೆ ಎನ್ನುತ್ತಿದ್ದರಂತೆ. ಕೆಲಸಕ್ಕೆ ಸೇರಿದಾಗಿನಿಂದ ಇದನ್ನು ಬಿಟ್ಟವರಲ್ಲ ಎಂದು ಆಯಾ ನನ್ನ ಹತ್ತಿರ ಹೇಳಿದಳು.

ಆ ಮಧ್ಯಾಹ್ನ ಬಿಟ್ಟರು. ನೀರು ಒಡೆದು ತಂಗಿಗೆ ನೋವು ಮೇಲಿಂದ ಮೇಲೆ ಬರುತ್ತಿತ್ತು. ದೊಡ್ಡ ಸಿಸ್ಟರ್ ಬೆರಳಿಟ್ಟು ನೋಡಿದವರೇ ಹುಬ್ಬು ಗಂಟಿಕ್ಕಿದರು. ಗಟ್ಟಿ ತಲೆ ಇರಬೇಕಾದ ಕಡೆ ಏನೋ ಮೆತ್ತಗೆ, ನಡುವೆ ಒಂದು ತೂತು. "ಮಗು ಕೂತ್ಕೊಂಡಿದೆ, ಕುಂಡಿ ಮೊದಲು ಬರ್ತಿದೆ," ಎಂದು ಬಾಗಿಲಾಚೆಗೂ ಕೇಳುವಂತೆ ಹೇಳಿಬಿಟ್ಟರು. ಚೊಚ್ಚಲ ಹೆರಿಗೆ, ಆಪರೇಷನ್ನೇ ಆಗಬೇಕು. ಆ ಆಸ್ಪತ್ರೆಯಲ್ಲಿದ್ದ ಒಂದೇ ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರು ಇನ್ನೊಬ್ಬಳ ಹೊಟ್ಟೆ ಕೊಯ್ದು ನಿಂತಿದ್ದರು. ಸ್ಕ್ಯಾನಿಂಗ್ ಮೆಷಿನ್ ರಿಪೇರಿಗೆ ಹೋಗಿತ್ತು. ಊರಾಚೆಯ ದೊಡ್ಡಾಸ್ಪತ್ರೆಗೆ ಕಳಿಸುವುದೆಂದು ಆಂಬುಲೆನ್ಸ್‌ಗೆ ಹೇಳಿಕಳಿಸಿದರು.

ಬಾಗಿಲಾಚೆ ನಿಂತಿದ್ದ ಚಿಕ್ಕ ಸಿಸ್ಟರ್ ಒಳಗೆ ಬಂದು ನೋಡಿದಳು. ಹೌದು, ಅದೇ, ಎಂದಳು. ಹೇಳುವಾಗ ಅವಳ ಕಣ್ಣು ಗೋಡೆಯ ಕಡೆ ಇತ್ತು. ಅಳತೆ ತಪ್ಪಿದ ಬಟ್ಟೆ ಕೊಡುವಾಗ ನನ್ನ ಅಂಗಡಿಯ ಹುಡುಗಿಯರೂ ಹಾಗೇ ನೋಡುತ್ತಾರೆ. ನನ್ನ ಪಿತ್ತ ನೆತ್ತಿಗೇರಿತು. ಹೋದ ತಿಂಗಳು ಸ್ಕ್ಯಾನಿಂಗ್‌ನಲ್ಲಿ ತಲೆ ಕೆಳಗಿದೆ ಎಂದವರು ಯಾರು, ಇವಳು ನಿಜವಾಗಿ ನೋಡಿದಳೋ ಇಲ್ಲ ನಿಮ್ಮ ಮಾತಿಗೆ ಹೂಂಗುಟ್ಟಿದಳೋ ಎಂದು ಕೂಗಾಡಿಬಿಟ್ಟೆ.

ನನ್ನನ್ನು ಹೊರಗೆ ದಬ್ಬುತ್ತಾರೆ ಎಂದುಕೊಂಡೆ. ದೊಡ್ಡ ಸಿಸ್ಟರ್ ಮುಖ ಕಪ್ಪಿಟ್ಟಿತು. ಕೈ ತೊಳೆದು, ಹೊಸ ಗ್ಲೌಸ್ ಹಾಕಿಕೊಂಡು, ಎರಡು ನೋವಿನ ನಡುವೆ ಮತ್ತೆ ಬೆರಳಿಟ್ಟರು. ಈ ಸಲ ಬಹಳ ನಿಧಾನ. ಇದ್ದಕ್ಕಿದ್ದಂತೆ ಅವರ ಕೈ ನಿಂತಿತು.

"ಇದು ಬಾಯಿ," ಎಂದರು. "ಒಸಡು ಸಿಕ್ತು. ನನ್ನ ಬೆರಳು ಚೀಪ್ತಿದೆ."

ಮುಖ ಬಾತುಕೊಂಡು ಮೆತ್ತಗಾಗಿದ್ದಕ್ಕೇ ಮೋಸ ಹೋಗಿದ್ದರು. ಬಿಗಿ ಕತ್ತಿನ ಅಂಗಿ ತೊಡುವಾಗ ಗದ್ದವನ್ನು ಎದೆಗೊತ್ತಿ ನೆತ್ತಿ ತೂರಿಸುತ್ತೀರಲ್ಲ, ಮಕ್ಕಳೂ ಹಾಗೇ ಬರಬೇಕು, ಇದು ತಲೆ ಹಿಂದಕ್ಕೆ ಚೆಲ್ಲಿ ಮುಖ ಮುಂದೆ ಮಾಡಿಕೊಂಡು ಬರುತ್ತಿದೆ ಎಂದು ನನಗೆ ತಿಳಿಸಿದರು. ಇನ್ನು ಎಲ್ಲವೂ ಗದ್ದದ ಮೇಲೆ. ಗದ್ದ ತಾಯಿಯ ಹೊಟ್ಟೆಯ ಕಡೆ ತಿರುಗಿದರೆ ಮಗು ಹುಟ್ಟುತ್ತದೆ. ಬೆನ್ನುಮೂಳೆಯ ಕಡೆ ತಿರುಗಿ ನಿಂತರೆ ಎಷ್ಟು ತಿಣುಕಿದರೂ ಬರುವುದಿಲ್ಲ.

"ಈಗ ಯಾವ ಕಡೆ ಇದೆ?" ಎಂದೆ.

"ಎಡಕ್ಕಿದೆ. ಎತ್ತ ಬೇಕಾದ್ರೂ ತಿರುಗಬಹುದು."

ಥಿಯೇಟರಿಗೆ ತಾವೇ ಓಡಿದರು. ಬಾಗಿಲಲ್ಲಿ ನಿಂತು, ಮೊದಲು ಹೇಳಿದ್ದು ತಪ್ಪು, ತಪ್ಪು ನನ್ನದು ಎಂದು ಡಾಕ್ಟರಿಗೆ ಹೇಳಿದ್ದು ಕಾರಿಡಾರಿನಲ್ಲಿದ್ದವರಿಗೆಲ್ಲ ಕೇಳಿಸಿತು. ಗದ್ದ ಮುಂದಕ್ಕೆ ಬಂದರೆ ಇಲ್ಲೇ ಆಗಲಿ, ಹಿಂದಕ್ಕೆ ಹೋದರೆ ಅಥವಾ ಮಗುವಿನ ಎದೆಬಡಿತ ಇಳಿದರೆ ತಕ್ಷಣ ಕಳಿಸಿ ಎಂದರಂತೆ ಡಾಕ್ಟರು. ಆಂಬುಲೆನ್ಸ್ ಬಾಗಿಲಲ್ಲೇ ನಿಂತಿರಲಿ ಎಂದೂ ಹೇಳಿದರಂತೆ.

ಆಮೇಲಿನದು ನನ್ನ ಶತ್ರುವಿಗೂ ಬೇಡ. ತಂಗಿಯನ್ನು ಎಡಮಗ್ಗುಲಿಗೆ ಮಲಗಿಸಿದರು. ಹೊಟ್ಟೆಗೆ ಕಟ್ಟಿದ್ದ ಯಂತ್ರದಲ್ಲಿ ಮಗುವಿನ ಎದೆಬಡಿತ ಟಪಟಪ ಎನ್ನುತ್ತಿತ್ತು. ನೋವು ಬಂದಾಗ ಅದು ನಿಧಾನವಾಗುವುದು; ನೋವು ಹೋಗಿ ಅದು ಚೇತರಿಸಿಕೊಳ್ಳುವವರೆಗೆ ನನ್ನ ಪ್ರಾಣ ಬಾಯಿಗೆ ಬರುವುದು. ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಆಯಾ ಹೋಗಿ ಅವನಿಗೆ ಚೆನ್ನಾಗಿ ಬಯ್ದು ಬಂದಳು. ಅಕ್ಕಾ, ಉಳಿಯುತ್ತಾ ಎಂದು ತಂಗಿ ಕೇಳಿದಳು. ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಈಗ ದೊಡ್ಡ ಸಿಸ್ಟರ್ ಬಾಗಿಲಾಚೆ ಹೋಗಿ ನಿಂತರು. ಮೊದಲು ನೀನು ನೋಡು ಎಂದು ಚಿಕ್ಕವಳನ್ನು ಕಳಿಸಿದರು. ಅವಳು ನೋಡಿ ತುಟಿ ಕಚ್ಚಿಕೊಂಡು ಸುಮ್ಮನಿದ್ದಳು. ದೊಡ್ಡವರು ಬಂದು ನೋಡಿದರು. ಆಮೇಲೆ, ಹೇಳು ಎಂದರು.

"ಮುಂದಕ್ಕೆ ಬರ್ತಿದೆ ಸಿಸ್ಟರ್," ಎಂದಳು ಚಿಕ್ಕವಳು.

"ನನಗೂ ಹಾಗೇ ಸಿಕ್ತು."

ಡಾಕ್ಟರು ಬಂದಾಗ ಗದ್ದ ಕಾಣಿಸುತ್ತಿತ್ತು. ಮೊದಲು ಗದ್ದ, ಆಮೇಲೆ ಬಾಯಿ, ಮೂಗು, ಹಣೆ. ಕೊನೆಗೆ ನೆತ್ತಿ ಜಾರಿ ಬಂತು. ಹೆಣ್ಣುಮಗು. ಅಳಲಿಲ್ಲ. ಉಜ್ಜಿದರು, ಬೆನ್ನು ತಟ್ಟಿದರು. ನಾನು ಇದ್ದಬದ್ದ ದೇವರಿಗೆಲ್ಲ ಕೈ ಮುಗಿದೆ. ಆಗ ಬೆಕ್ಕಿನ ಮರಿಯ ಹಾಗೆ ಒಂದು ದನಿ ಬಂತು, ಹಿಂದೆಯೇ ವಾರ್ಡು ಹಾರಿಹೋಗುವಂಥ ಅಳು.

ಮುಖ ಮಾತ್ರ ನೋಡಲಾಗುತ್ತಿರಲಿಲ್ಲ. ನೇರಳೆ ಬಣ್ಣಕ್ಕೆ ತಿರುಗಿ, ತುಟಿ ಬಾತು, ಕಣ್ಣು ಮುಚ್ಚಿಹೋಗಿತ್ತು. ತಂಗಿ ಹೆದರಿಯಾಳೆಂದು ನಾನು ಬಟ್ಟೆ ಎಳೆದು ಮರೆ ಮಾಡಿದೆ. ದೊಡ್ಡ ಸಿಸ್ಟರ್ ನನ್ನ ಕೈ ಸರಿಸಿದರು. ಊತ ಕೆಲವು ದಿನಗಳಲ್ಲಿ ಇಳಿಯುತ್ತದೆ, ತಾಯಿ ನೋಡಲಿ ಎಂದು ಮಗುವನ್ನು ಅವಳ ಎದೆಯ ಮೇಲಿಟ್ಟರು. ಯಾರೂ ಕೇಳಿರಲಿಲ್ಲ, ಆದರೂ ಹೇಳಿದರು:

"ನಿನ್ನ ಆಂಬುಲೆನ್ಸ್ ಹತ್ತಿಸಿಬಿಡ್ತಿದ್ದೆ ಕಣಮ್ಮ. ದಾರೀಲಿ ಏನಾಗ್ತಿತ್ತೋ. ತಪ್ಪಾಯ್ತು."

ತಂಗಿ ತಲೆ ಎತ್ತಲಿಲ್ಲ. ಆ ಊದಿದ ಕೆನ್ನೆಯನ್ನು ಒಂದೇ ಬೆರಳಲ್ಲಿ ಸವರುತ್ತಿದ್ದಳು.

"ಪಾಪ, ಇದಕ್ಕೆ ಎಷ್ಟು ನೋವಾಯ್ತೋ ಏನೋ, ಅಲ್ವಾ ಸಿಸ್ಟರ್?" ಎಂದಳು.

ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಒರೆಸುತ್ತಾ ನನ್ನ ಕಡೆ ನೋಡಿದರು. ಮರೆ ಮಾಡಲು ಎಳೆದಿದ್ದ ಬಟ್ಟೆಯನ್ನು ನಾನು ಮಗುವಿನ ಕಾಲಿಗೆ ಹೊದಿಸಿದೆ.