ನಿಲ್ಲಿಸಿ ಎಂದ ಮೇಲೂ

ಬಿ.ಸಿ. ರೋಡಿನ ಬೇಕರಿಯೊಂದರ ಮಾಳಿಗೆಯಲ್ಲಿ ನಾನೂ ನನ್ನ ಕಾಲೇಜು ಗೆಳೆಯನೂ ಸೇರಿ ಒಂದು ವೆಬ್ ಆ್ಯಪ್ ನಡೆಸುತ್ತಿದ್ದೆವು. ನೃತ್ಯ, ಸಂಗೀತ, ಹೊಲಿಗೆ ಕಲಿಸುವವರು ಮಕ್ಕಳ ಹಾಜರಿ ಹಾಕಲು, ಮನೆಯವರಿಗೆ ಸುದ್ದಿ ಮುಟ್ಟಿಸಲು ಅದನ್ನು ಬಳಸುತ್ತಿದ್ದರು. ತಿಂಗಳ ಚಂದಾ ಅವರ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುತ್ತಿತ್ತು.

ಆ ತಾನಾಗಿ ಆಗುವುದೇ ನಮ್ಮ ದೊಡ್ಡ ತಲೆನೋವು. ಅವರ ಬ್ಯಾಂಕ್ ಕಾರ್ಡಿನ ಅವಧಿ ಮುಗಿದರೆ ಕಡಿತ ನಿಲ್ಲುತ್ತಿತ್ತು, ಆ್ಯಪ್ ತೆರೆಯುತ್ತಿರಲಿಲ್ಲ. ಕ್ಲಾಸಿನ ಮಧ್ಯದಿಂದಲೇ ಫೋನ್ ಬರುತ್ತಿತ್ತು. ಮೂಡುಬಿದಿರೆಯ ಸಂಗೀತದ ಮೇಷ್ಟ್ರಿಗೆ ಒಂದೇ ತಿಂಗಳಲ್ಲಿ ಎರಡು ಸಲ ಕಡಿತವಾದಾಗ ಅವರ ಬೈಗುಳ ಕೇಳಿ ನಾನು ಅತ್ತೇಬಿಟ್ಟಿದ್ದೆ. ಆಗ ಗೆಳೆಯ, "ಬಿಲ್ಲಿಂಗ್ ನನಗೆ ಬಿಡು ಮಾರಾಯ್ತಿ. ನೀನು ಜನರನ್ನು ನೋಡಿಕೋ" ಅಂದ. ದೊಡ್ಡ ಹೊರೆ ಇಳಿಸಿದ ಹಾಗಾಯಿತು.

ಬೆಳ್ತಂಗಡಿಯ ಭರತನಾಟ್ಯದ ಟೀಚರ್ ನಮ್ಮ ಮೊದಲ ಗಿರಾಕಿ. ಮೊಣಕಾಲಿನ ಆಪರೇಷನ್ ಆಗಿ ಕ್ಲಾಸು ಮುಚ್ಚಿದಾಗ ಚಂದಾ ನಿಲ್ಲಿಸಬೇಕೆಂದು ನನಗೇ ಹೇಳಿದ್ದರು. ನಾನು ಗೆಳೆಯನಿಗೆ ಹೇಳಿದೆ. "ಆಯ್ತು" ಅಂದಿದ್ದ.

ಮಳೆಗಾಲ ಕಳೆದ ಮೇಲೆ ಅವರನ್ನು ನೋಡಿಬರಲು ಹೋದೆ. ಯಾವಾಗಲೂ ತುಳುವಿನಲ್ಲಿ, ಮಗಳ ಹಾಗೆ ಮಾತಾಡಿಸುತ್ತಿದ್ದವರು ಅಂದು ಕನ್ನಡಕ್ಕೆ ತಿರುಗಿದರು. "ಕೂತ್ಕೊಳ್ಳಿ. ನಿಲ್ಲಿಸಿ ಅಂದ ಮೇಲೂ ಯಾಕೆ ತೆಗೀತಾ ಇದ್ದೀರಿ?" ಎಂದು ಮೊಬೈಲ್ ಚಾಚಿದರು. ಆಪರೇಷನ್ನಿನ ನಂತರವೂ ತಿಂಗಳು ತಿಂಗಳು ಬ್ಯಾಂಕಿನ ಮೆಸೇಜು ಬಂದಿತ್ತು.

"ಏನೋ ತಪ್ಪಾಗಿದೆ ಟೀಚರ್. ಅವನು ಅಂಥವನಲ್ಲ" ಅಂದೆ. ನಂಬಿಯೇ ಅಂದದ್ದು. ಆ್ಯಪಿನಲ್ಲಿ ಖಾತೆ ಮುಚ್ಚುವುದು ಬೇರೆ, ಬ್ಯಾಂಕಿಗೆ ಕೊಟ್ಟ ಒಪ್ಪಿಗೆ ರದ್ದು ಮಾಡುವುದು ಬೇರೆ. ಎರಡನೆಯದು ಮರೆತುಹೋಗಿರಬೇಕೆಂದು ಬಸ್ಸಿನ ದಾರಿಯುದ್ದಕ್ಕೂ ಅವನ ಪರವಾಗಿ ನಾನೇ ವಾದ ಕಟ್ಟಿಕೊಂಡು ಬಂದೆ.

ಆಫೀಸಿನಲ್ಲಿ ಅವನು ಚಾ ಕುಡಿಯುತ್ತಿದ್ದ. ವಿಷಯ ಹೇಳಿದೆ. ಗಾಬರಿಯಾಗುತ್ತಾನೆ ಅಂದುಕೊಂಡಿದ್ದೆ.

"ಗೊತ್ತುಂಟು" ಅಂದ. "ಜೋರು ಮಾಡಿದವರದ್ದು ನಿಲ್ಲಿಸ್ತೇನೆ. ಸುಮ್ಮನಿದ್ದವರದ್ದು ನಡೀಲಿ."

"ಅವರು ಸುಮ್ಮನಿರಲಿಲ್ಲ. ನನಗೆ ಹೇಳಿದ್ರು, ನಾನು ನಿನಗೆ ಹೇಳಿದೆ."

"ಬ್ಯಾಂಕಿಗೆ ಹೇಳಲಿಲ್ಲ ಅಲ್ವಾ? ಬಿಟ್ಟು ಹೋದವರನ್ನೆಲ್ಲ ನಿಲ್ಲಿಸಿದ್ರೆ ಇಷ್ಟು ದಿನ ನಿನ್ನ ಪಾಲು ಎಲ್ಲಿಂದ ಬರ್ತಿತ್ತು ಅಂತ ಎಣಿಸಿದ್ದೀ?"

ನನ್ನ ಮುಖ ನೋಡಿ ಚಂದಾದಾರರಾಗಿ, ಬಿಡುವಾಗಲೂ ನನಗೇ ಹೇಳಿ ಹೋದವರೆಲ್ಲ ನೆನಪಾದರು. ಅವರ ದುಡ್ಡಿನಲ್ಲಿ ನಾನೂ ಊಟ ಮಾಡಿದ್ದೆ.

ಅವನೆದುರೇ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿ, ಬ್ಯಾಂಕಿನ ಒಪ್ಪಿಗೆ ರದ್ದು ಮಾಡುವುದು ಹೇಗೆಂದು ಹೇಳಿಕೊಟ್ಟೆ. "ಸಾಕು, ಹೆಸರು ಹಾಳಾಗ್ತದೆ" ಎಂದು ಅವನು ಫೋನಿಗೆ ಕೈ ಹಾಕಿದ. ನಾನು ಮೆಟ್ಟಿಲಿಗೆ ಬಂದು ನಿಂತು ಮಾತು ಮುಂದುವರಿಸಿದೆ. ಕಲ್ಲಡ್ಕದ ಹೊಲಿಗೆ ಟೀಚರ್, "ನಿಮಗೂ ಗೊತ್ತಿತ್ತಾ?" ಎಂದು ಕೇಳಿದರು. "ಇಲ್ಲ" ಅಂದೆ. ಅವರು ನಂಬಿದರೋ ಇಲ್ಲವೋ, ಫೋನ್ ಇಟ್ಟರು.

ಪೊಲೀಸರಿಗೆ ದೂರು ಕೊಡುತ್ತೇನೆಂದ ಮೇಲೆ ಅವನು ಎಲ್ಲರ ಹಣ ವಾಪಸು ಮಾಡಿದ. ನಾನು ಪಾಲುದಾರಿಕೆ ಬಿಟ್ಟೆ. ಈಗ ಅವನು ಫರಂಗಿಪೇಟೆಯಲ್ಲಿ ಬೇರೆ ಹೆಸರಿನಲ್ಲಿ ಅದೇ ಆ್ಯಪ್ ನಡೆಸುತ್ತಿದ್ದಾನಂತೆ. ಮೊನ್ನೆ ಅವನ ಮೆಸೇಜ್ ಬಂತು: "ಕೋಪ ಇನ್ನೂ ಉಂಟಾ?"

ಬರೀ ಕೋಪ ಅಂದುಕೊಂಡಿದ್ದಾನೆ. ಅವನು ಅಂಥವನಲ್ಲ ಎಂದು ಇನ್ನು ಯಾರೆದುರೂ ನಾನು ಹೇಳಲಾರೆ.