ನೆಲ ಡೊಂಕಾಗಿಯೇ ಇತ್ತು

ಆ ದಿನ ವ್ಯಾನು ಹಿಂದಕ್ಕೆ ಜಾರಿದ್ದು ನಿಮ್ಮಿಂದಲ್ಲ ಅತ್ತಿಗೆ — ನನ್ನಿಂದ. ಏರು ಹತ್ತಲಾರದ ಹಾಗೆ ಅದನ್ನು ಕೆಡಿಸಿದವನು ನಾನು. ಕೆಡಿಸಿ ಬಾಯಿ ಮುಚ್ಚಿಕೊಂಡಿದ್ದರೆ ಅದೇ ಒಂದು ತೂಕವಾಗುತ್ತಿತ್ತು. ನಾನು ಬಾಯಿ ಬಿಟ್ಟು, ಎಲ್ಲರ ಮುಂದೆ ಸುಳ್ಳು ಹೇಳಿದೆ.

ಎಷ್ಟೋ ವರ್ಷವಾಯಿತು. ಆ ವ್ಯಾನು ಗುಜರಿ ಸೇರಿಯೂ ಬಹಳ ಕಾಲವಾಯಿತು. ಆದರೂ ಬೆಳಗಿನ ಜಾವದ ನಿದ್ದೆಯಲ್ಲಿ ಅದು ಬರುತ್ತದೆ — ಸಾರಕ್ಕಿ ಕೆರೆಯ ಮಂಜಿನೊಳಗಿಂದ, ದೀಪ ಹಚ್ಚಿಕೊಂಡು, ತೇಲಿದಂತೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೇರಿಂಗ್ ಹಿಡಿದಿರುವವರು ನೀವು. ಕನಸಿನಲ್ಲಿ ಗಾಡಿಗೆ ಸದ್ದಿಲ್ಲ. ತಿಳಿಸಾರಿನ ಇಂಗಿನ ವಾಸನೆ ಮಾತ್ರ ನನ್ನನ್ನು ದಾಟಿ ಹೋಗುತ್ತದೆ. ಎದ್ದ ಮೇಲೂ ಸ್ವಲ್ಪ ಹೊತ್ತು ಅದು ಕೋಣೆಯಲ್ಲೇ ಇರುತ್ತದೆ.

ಆಗ ಅಣ್ಣ ಮತ್ತು ನೀವು ಮದುವೆ, ಸೀಮಂತಗಳಿಗೆ ಅಡುಗೆ ಮಾಡಿ ಒಯ್ಯುತ್ತಿದ್ದಿರಿ. ಒಲೆ ಅಣ್ಣನದು, ಗಾಡಿ ನಿಮ್ಮದು. ನಮ್ಮ ಬೀದಿಯಲ್ಲಿ ಸೀರೆಯುಟ್ಟು ಡೀಸೆಲ್ ವ್ಯಾನ್ ಓಡಿಸಿದ ಮೊದಲ ಹೆಂಗಸು ನೀವು. ಅಮ್ಮನಿಗೆ ಅದು ಅಷ್ಟಕ್ಕಷ್ಟೇ. ನನಗೆ ಹೆಮ್ಮೆ — ನಿಮ್ಮ ಬಗ್ಗೆಯೋ, ಆ ಗಾಡಿಯನ್ನು ನೋಡಿಕೊಳ್ಳುವ ಮೆಕ್ಯಾನಿಕ್ ನಾನೇ ಎಂದೋ, ಈಗ ಬಿಡಿಸಿ ಹೇಳಲಾರೆ.

ಅದರ ಇಂಜಿನ್ ಬಡಪಾಯಿ. ಆಟೋದವರೂ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದರು. ಒಂದು ದಿನ ನೀವು ಬನಶಂಕರಿಯ ನನ್ನ ಗ್ಯಾರೇಜಿಗೆ ಬಂದು ಹೇಳಿದಿರಿ:

"ಸೋಮು, ರಿಂಗ್ ರೋಡಲ್ಲಿ ಇದು ಕಿರುಚ್ಕೊಳ್ಳುತ್ತೆ ಕಣೋ. ಟಾಪ್ ಗೇರ್ ಹಾಕಿದ್ರೂ ಇನ್ನೊಂದು ಗೇರ್ ಬೇಕು ಅನ್ಸುತ್ತೆ. ಏನಾದ್ರೂ ಮಾಡಕ್ಕಾಗುತ್ತಾ?"

"ಬಿಡಿ ಅತ್ತಿಗೆ, ಬೆಣ್ಣೆ ಥರ ಮಾಡ್ಕೊಡ್ತೀನಿ" ಅಂದೆ. ಏನು ಮಾಡುತ್ತೇನೆಂದು ಹೇಳಲಿಲ್ಲ. ಆಮೇಲೆ ಆಶ್ಚರ್ಯಪಡಿಸುವ ಹುಕಿ.

ಹಿಂದಿನ ಆಕ್ಸಲ್ ಒಳಗೆ ಒಂದು ಜೋಡಿ ಹಲ್ಲುಚಕ್ರ ಇರುತ್ತದೆ. ನಾವು ಅದನ್ನು ಕ್ರೌನ್ ಎನ್ನುತ್ತೇವೆ. ಗಾಡಿಯ ಚಕ್ರ ಒಂದು ಸುತ್ತು ಉರುಳಲು ಇಂಜಿನ್ ಎಷ್ಟು ಸುತ್ತಬೇಕು ಎಂಬುದು ಅದರ ಹಲ್ಲುಗಳ ಮೇಲೆ ನಿಂತಿದೆ. ಶಕ್ತಿ ಕಡಿಮೆ ಇರುವ ಇಂಜಿನ್ ಹೆಚ್ಚು ಸುತ್ತಬೇಕು — ಮೂಟೆ ಹೊತ್ತವನು ಸಣ್ಣ ಸಣ್ಣ ಹೆಜ್ಜೆ ಇಟ್ಟು ಮೆಟ್ಟಿಲು ಹತ್ತುವುದಿಲ್ಲವೇ, ಹಾಗೆ. ಗಾಡಿ ಮಾಡಿದವರು ಅದನ್ನು ಯೋಚಿಸಿಯೇ ಕೂರಿಸಿದ್ದರು. ನಾನು ಗುಜರಿಯಿಂದ ದೊಡ್ಡ ಇಂಜಿನ್ನಿನ ಗಾಡಿಯೊಂದರ ಕ್ರೌನ್ ತಂದೆ — ಅದರಲ್ಲಿ ಇಂಜಿನ್ ಕಡಿಮೆ ಸುತ್ತಿದರೆ ಸಾಕು, ಕಿರುಚುವುದಿಲ್ಲ. ಅಳತೆಗೆ ಕೂತಿತು. ಅಳತೆಗೆ ಕೂತದ್ದನ್ನೇ ಹೊಂದಿಕೆ ಎಂದುಕೊಂಡೆ.

ಮರುದಿನ ನಸುಕಿನಲ್ಲಿ ಬನ್ನೇರುಘಟ್ಟ ರಸ್ತೆ ಹಿಡಿದು ಗೊಟ್ಟಿಗೆರೆವರೆಗೆ ಓಡಿಸಿಕೊಂಡು ಹೋದೆ. ಆ ಹೊತ್ತನ್ನು ಹೇಗೆ ಹೇಳಲಿ — ಕಿರುಚಾಟವೆಲ್ಲ ಮಾಯ. ಇಂಜಿನ್ ತನ್ನಷ್ಟಕ್ಕೆ ಏನೋ ಗುನುಗುತ್ತಿತ್ತು, ಎರಡೂ ಕಡೆಯ ಮರಗಳು ನಿದ್ದೆಯಲ್ಲೇ ಹಿಂದಕ್ಕೆ ಸರಿಯುತ್ತಿದ್ದವು. ನನ್ನ ಕೈಗೆ ನಾನೇ ಮುತ್ತಿಡಬೇಕೆನ್ನಿಸಿತು. ಗಾಡಿ ಖಾಲಿ ಇತ್ತು. ರಸ್ತೆ ಸಮವಾಗಿತ್ತು. ಅದು ಆಗ ತಲೆಗೆ ಹೊಳೆಯಲೇ ಇಲ್ಲ.

ವಾರ ಕಳೆಯುವುದರೊಳಗೆ ನೀವು ಮತ್ತೆ ಬಂದಿರಿ. "ಲೋಡ್ ಹಾಕಿದ್ರೆ ಏರಲ್ಲಿ ಉಸಿರು ಕಟ್ದಂಗೆ ಆಡುತ್ತೆ ಸೋಮು. ಮೊದಲು ಹಿಂಗಿರ್ಲಿಲ್ಲ." ಗ್ಯಾರೇಜಿನಲ್ಲಿ ನಾಲ್ಕು ಜನರಿದ್ದರು. ನನ್ನ ಕೆಲಸಕ್ಕೆ ಹೆಸರಿಡುವುದೇ! ನಕ್ಕು ಅಂದುಬಿಟ್ಟೆ:

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಕ್ಲಚ್ ನಿಧಾನಕ್ಕೆ ಬಿಡಿ ಅತ್ತಿಗೆ."

ಎಲ್ಲರೂ ನಕ್ಕರು. ನೀವೂ ನಕ್ಕಿರಿ — ಆ ನಗು...

ಆಮೇಲೆ ಜೆ.ಪಿ. ನಗರದ ಆ ಸೀಮಂತ. ಅಪಾರ್ಟ್‌ಮೆಂಟಿನ ಹಾಲ್ ಮೊದಲ ಮಹಡಿಯಲ್ಲಿ, ಗಾಡಿ ಹತ್ತಲು ಕಡಿದಾದ ಇಳಿಜಾರು. ನಾನು ಮೇಲೆ ಎಲೆ ಹಾಕಿಸುತ್ತಿದ್ದೆ. ಕೆಳಗಿನಿಂದ ವ್ಯಾನಿನ ಸದ್ದು ಕೇಳಿಸಿತು. ಅದು ಹತ್ತುತ್ತಾ ಹತ್ತುತ್ತಾ ಕುಗ್ಗಿತು, ಗುಡುಗಿತು, ಮತ್ತೆ ಕುಗ್ಗಿತು. ಇಂಜಿನ್ ನಿಲ್ಲುವ ಮೊದಲೇ ನನಗೆ ಗೊತ್ತಾಯಿತು ಅತ್ತಿಗೆ. ಕೈಯಲ್ಲಿ ಬಾಳೆಲೆ ಹಿಡಿದು ನಿಂತವನಿಗೆ ಆ ಕ್ಷಣದಲ್ಲೇ ಎಲ್ಲವೂ ಗೊತ್ತಾಯಿತು. ಓಡಿ ಬರುವಷ್ಟರಲ್ಲಿ ವ್ಯಾನು ಹಿಂದಕ್ಕೆ ಜಾರಿ ಗೋಡೆಗೆ ಗುದ್ದಿತ್ತು. ಸಾರು ಇಳಿಜಾರಿನುದ್ದಕ್ಕೂ ಹರಿಯುತ್ತಿತ್ತು, ಬಿಸಿಲಿಗೆ ಹೊಳೆಯುತ್ತಾ, ಯಾವ ಅವಸರವೂ ಇಲ್ಲದೆ. ಪಕ್ಕಕ್ಕೆ ಹಾರಿದ ಸೆಕ್ಯುರಿಟಿಯವರು ಉಳಿದದ್ದೇ ಪುಣ್ಯ. ಕ್ಲಚ್ ಸುಟ್ಟ ವಾಸನೆ. ನೀವು ಸ್ಟೇರಿಂಗ್ ಬಿಟ್ಟಿರಲಿಲ್ಲ.

"ಹೆಂಗಸ್ರ ಕೈಗೆ ಗಾಡಿ ಕೊಟ್ರೆ ಇನ್ನೇನಾಗುತ್ತೆ" ಎಂದು ಯಾರೋ ಅಂದರು. ಅಣ್ಣ ಮಾತ್ರ ನನ್ನ ಕಡೆ ತಿರುಗಿ ಕೇಳಿದ: "ಗಾಡೀಲಿ ಏನಾದ್ರೂ ತೊಂದ್ರೆ ಇತ್ತೇನೋ?"

ನೀವು ನನ್ನನ್ನೇ ನೋಡುತ್ತಿದ್ದಿರಿ.

"ಗಾಡಿ ಸರಿಯಾಗೇ ಇತ್ತಣ್ಣ."

ಕ್ಲಚ್ ಪ್ಲೇಟ್ ಬದಲಿಸುವ ನೆಪದಲ್ಲಿ ಹಳೆಯ ಕ್ರೌನನ್ನು ಗುಟ್ಟಾಗಿ ತಿರುಗಿ ಹಾಕಿದೆ. ಹಾಗಾದರೂ ತಪ್ಪು ಸರಿಹೋಗುತ್ತದೆ ಎಂದುಕೊಂಡಿದ್ದೆ — ಅದೇ ನಿಮ್ಮ ಕುತ್ತಿಗೆಗೆ ಬಂತು. ಅದೇ ಅಪಾರ್ಟ್‌ಮೆಂಟಿನಲ್ಲಿ ಇನ್ನೊಂದು ಊಟ. ಅಣ್ಣ ತಾನೇ ಓಡಿಸಿದ. ತುಂಬಿದ ಪಾತ್ರೆಗಳನ್ನು ಹೊತ್ತ ವ್ಯಾನು ಅದೇ ಇಳಿಜಾರನ್ನು ಸಲೀಸಾಗಿ ಹತ್ತಿತು. ಪಕ್ಕದಲ್ಲಿ ಕೂತಿದ್ದ ನೀವು ಇಳಿದು, ಒಮ್ಮೆ ಹಿಂತಿರುಗಿ ಆ ಏರನ್ನು ನೋಡಿದಿರಿ. ಗಾಡಿಯಲ್ಲಿ ದೋಷವಿರಲಿಲ್ಲ ಎಂದು ಎಲ್ಲರಿಗೂ ಸಾಬೀತಾದಂತಾಯಿತು. ಅಂದಿನಿಂದ ನೀವು ಸ್ಟೇರಿಂಗ್ ಮುಟ್ಟಲಿಲ್ಲ.

ಆಗಲೇ ಹೇಳಬಹುದಿತ್ತು. ಆಮೇಲೂ ಹೇಳಬಹುದಿತ್ತು. ಗ್ಯಾರೇಜಿಗೆ ಕೆಟ್ಟ ಹೆಸರು ಬರುತ್ತದೆ ಎಂದು ಮೊದಲು ಹೆದರಿದೆ. ಆಮೇಲೆ ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಏನು ಹೇಳಲಿ ಎಂದು ಹೆದರಿದೆ. ಹೇಡಿಗೆ ಕಾರಣಗಳ ಬರವೇ?

ಕಳೆದ ವಾರ ನಿಮ್ಮ ಮಗಳ ಹೊಸ ಕಾರಿನಲ್ಲಿ ಬೇಗೂರು ದೇವಸ್ಥಾನಕ್ಕೆ ಹೋದೆವಲ್ಲ. "ಇದಕ್ಕೆ ಕ್ಲಚ್ಚೇ ಇಲ್ಲಮ್ಮ, ನೀನೂ ಓಡಿಸ್ಬಹುದು" ಎಂದಳು ಅವಳು. ನೀವು ಕಿಟಕಿಯ ಹೊರಗೆ ನೋಡುತ್ತಾ ಹೇಳಿದಿರಿ: "ಬೇಡ ಕಣೆ. ನನ್ ಕಾಲಿಗೆ ಅದು ಒಗ್ಗಲ್ಲ." ಅಷ್ಟರಲ್ಲಿ ಒಂದು ಏರು ಬಂತು. ಮುಂದಿನ ಸೀಟಿನಲ್ಲಿ ಕೂತಿದ್ದ ನಿಮ್ಮ ಎಡಗಾಲು ತಾನಾಗಿಯೇ ನೆಲವನ್ನು ಒತ್ತಿತು. ಮತ್ತೆ ನಿಧಾನವಾಗಿ, ಬಹಳ ನಿಧಾನವಾಗಿ, ಮೇಲೆದ್ದಿತು. ಹಿಂದೆ ಕೂತ ನಾನು ನೋಡಿದೆ. ಅದಕ್ಕಿಂತ ಚೆನ್ನಾಗಿ ಕ್ಲಚ್ ಬಿಡುವುದನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಕಣ್ಣು ತುಂಬಿ ಬಂತು, ಧೂಳು ಬಿತ್ತು ಎಂದು ಇನ್ನೊಂದು ಸುಳ್ಳು ಹೇಳಿದೆ.

ಆ ಗುಜರಿಯ ಕ್ರೌನ್ ಇನ್ನೂ ನನ್ನ ಬೆಂಚಿನ ಕೆಳಗಿದೆ. ಭಾನುವಾರ ಅಣ್ಣನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರುತ್ತೇವೆ. ಅದನ್ನು ತಂದು ನಡುಮನೆಯಲ್ಲಿ ಇಡುತ್ತೇನೆ. ಎಲ್ಲರ ಮುಂದೆ ಹೇಳಿದ ಸುಳ್ಳನ್ನು ನಿಮ್ಮೊಬ್ಬರ ಕಿವಿಯಲ್ಲಿ ಹಿಂತೆಗೆದುಕೊಳ್ಳುವುದು ನ್ಯಾಯವಲ್ಲ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಕ್ಷಮಿಸಿಬಿಡುತ್ತೀರಿ, ನೀವು ಅಂಥವರು. ಇಷ್ಟು ಮಾತ್ರ ಹೇಳುತ್ತೇನೆ —

ನಿಮಗೆ ಕುಣಿಯಲು ಬರುತ್ತಿತ್ತು ಅತ್ತಿಗೆ. ನೆಲ ಡೊಂಕಾಗಿಯೇ ಇತ್ತು. ಡೊಂಕು ಮಾಡಿದವನು ನಾನು.