ತಾನೇ ಕಟ್ಟಿದ ಗೋಡೆಗೆ ಏಣಿ ಹಾಕುವ ಮೇಸ್ತ್ರಿ

ಬೆಳಗಿನ ಐದು ಗಂಟೆ. ಮೂಡಣ ಈಗಷ್ಟೇ ಬೂದಿಬಣ್ಣಕ್ಕೆ ತಿರುಗುತ್ತಿದೆ. ಫಿದೆನ್ಸಿಯೋ ತ್ಲಪಾಲೆ ಹೆಗಲ ಮೇಲಿನ ಏಣಿಯನ್ನು ಇಳಿಸಿ ಗೋಡೆಗೆ ಒರಗಿಸುತ್ತಾರೆ. ಬುಡಕ್ಕೊಂದು ಒದೆ ಕೊಟ್ಟು ಅಲ್ಲಾಡುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಮೇಲೆ ಹತ್ತಿ ಎರಡನೇ ಏಣಿಯನ್ನು ಆಚೆಗೆ ಇಳಿಬಿಡುತ್ತಾರೆ. ಆಚೆ ಹೆದ್ದಾರಿ. ಮೆಕ್ಸಿಕೋ ನಗರಕ್ಕೆ ಹೋಗುವ ವ್ಯಾನುಗಳು ನಿಲ್ಲುವುದು ಅಲ್ಲೇ, ಗೋಡೆಯಿಂದ ನಲವತ್ತು ಹೆಜ್ಜೆ ದೂರದಲ್ಲಿ. ಈಚೆ ಆಗಲೇ ಉದ್ದನೆಯ ಸಾಲು ನಿಂತಿದೆ.

ಮೊದಲು ದಾಟುವವರು ಅವರ ಹೆಂಡತಿ ಎಲ್ಪಿದಿಯಾ. ಅರವತ್ತಮೂರು ವರ್ಷ, ಎರಡೂ ಮಂಡಿ ಹೋಗಿವೆ. ಜೋಳದ ಹಿಟ್ಟಿನ ತಮಾಲೆ ಬೆಂದಿರುವ ದೊಡ್ಡ ಪಾತ್ರೆಯನ್ನು ಹಗ್ಗ ಕಟ್ಟಿ ಎಳೆದು ಆಚೆ ಇಳಿಸಿದ ಮೇಲೆ ಆಕೆ ಏಣಿಗೆ ಕಾಲಿಡುತ್ತಾರೆ. ಹನ್ನೊಂದು ಮೆಟ್ಟಿಲು. ಒಂದೊಂದಕ್ಕೂ ಒಬ್ಬೊಬ್ಬ ಸಂತರ ಹೆಸರು ಹೇಳುತ್ತಾ, ನಡುನಡುವೆ ಗಂಡನನ್ನು ಬೈಯುತ್ತಾ ಹತ್ತುತ್ತಾರೆ. ವ್ಯಾನು ಕಾಯುವವರಿಗೆ ಬಿಸಿ ತಮಾಲೆ ಕೊಡುವುದು ಹನ್ನೊಂದು ವರ್ಷದಿಂದ ಆಕೆಯ ಕೆಲಸ. ಚಾಲಕರೆಲ್ಲ ಆಕೆಯನ್ನು ಅಮ್ಮ ಎನ್ನುತ್ತಾರೆ. ಯಾರ ಮಗಳಿಗೆ ಮದುವೆ, ಯಾರ ಗಂಡ ಕುಡಿದು ಬಿದ್ದ, ಎಲ್ಲವೂ ಮೊದಲು ಗೊತ್ತಾಗುವುದು ಆಕೆಗೇ.

"ಮೇಸ್ತ್ರಿ, ಇವತ್ತು ಲಂಗ ಹಾಕಿದೀನಿ. ಆ ಕಡೆ ತಿರುಗಿ," ಎನ್ನುತ್ತಾಳೆ ಆಸ್ಪತ್ರೆಯಲ್ಲಿ ದಾದಿಯಾಗಿರುವ ಯಾದಿರಾ.

"ನನ್ನ ಕಣ್ಣು ಹೋಗಿ ಹತ್ತು ವರ್ಷ ಆಯ್ತು ಮಗಳೇ, ಹತ್ತು. ಹಿಂದೆ ನಿಂತಿರೋರನ್ನ ಮಾತ್ರ ನೋಡ್ಕೋ."

ಸಾಲು ನಗುತ್ತದೆ. ಏಳು ಗಂಟೆಯೊಳಗೆ ಹೆಚ್ಚುಕಡಿಮೆ ಮುನ್ನೂರ ನಲವತ್ತು ಜನ ದಾಟುತ್ತಾರೆ. ಮನೆಗೆಲಸದವರು, ಹೊಲಿಗೆಯವರು, ಕಾವಲುಗಾರರು, ಬಸುರಿ ಹೆಂಗಸರು. ಸಂಜೆ ಅಷ್ಟೇ ಜನ ತಿರುಗಿ ಹತ್ತಬೇಕು. ಫಿದೆನ್ಸಿಯೋ ಎರಡು ಹೊತ್ತೂ ಏಣಿ ಹಿಡಿದು ನಿಲ್ಲುತ್ತಾರೆ. ಯಾರಾದರೂ ಚಿಲ್ಲರೆ ಕೊಡಲು ಬಂದರೆ ಕೆಂಡಾಮಂಡಲವಾಗುತ್ತಾರೆ.

ಈ ಬಡಾವಣೆಯ ಹೆಸರು ಬೋಸ್ಕೆಸ್ ದೆ ಸಾನ್ ಹಿಲಾರಿಯೋ. ಸಂತ ಹಿಲಾರಿಯೋನ ಕಾಡುಗಳು ಅಂತ ಅರ್ಥ. ಒಂದು ಮರವಿದ್ದರೆ ತೋರಿಸಿ! ಎರಡು ಸಾವಿರದ ನೂರು ಮನೆ, ಎಲ್ಲಕ್ಕೂ ಒಂದೇ ಬಾಗಿಲು, ಒಂದೇ ಕಿಟಕಿ, ಒಂದೇ ಬಣ್ಣ. ಕುಡಿದು ಬಂದವರು ಪಕ್ಕದ ಬೀದಿಯ ಮನೆಗೆ ನುಗ್ಗಿ ಯಾರದೋ ಹಾಸಿಗೆಯಲ್ಲಿ ಮಲಗುವುದು ಇಲ್ಲಿ ಮಾಮೂಲು. ನಕ್ಷೆ ಬರೆದ ಪುಣ್ಯಾತ್ಮ ಕಾರಿನಲ್ಲೇ ಹುಟ್ಟಿ ಕಾರಿನಲ್ಲೇ ಬೆಳೆದಿರಬೇಕು. ಕಾರುಗಳಿಗೆ ಕಮಾನು ಕಟ್ಟಿಸಿದ, ಕಮಾನಿನ ಮುಂದೆ ನೀರಿಲ್ಲದ ಕಾರಂಜಿ ಇಟ್ಟ. ಸುತ್ತ ಎತ್ತರದ ಗೋಡೆ, ಹೊರಹೋಗಲು ಆ ಕಮಾನು ಒಂದೇ. ಕಾರಿಲ್ಲದವನು ಫಿದೆನ್ಸಿಯೋ ಮನೆಯಿಂದ ಕಮಾನು ಸುತ್ತಿ ವ್ಯಾನಿನ ನಿಲ್ದಾಣ ಮುಟ್ಟಲು ನಾಲ್ಕು ಕಿಲೋಮೀಟರು ನಡೆಯಬೇಕು. ಅದಾದ ಮೇಲೆ ನಗರಕ್ಕೆ ಎರಡೂವರೆ ಗಂಟೆ. ನಗರ ಬೆಳೆದಿದೆ ಎಂದು ಹೇಳುವವರೆಲ್ಲ ಒಮ್ಮೆ ಇಲ್ಲಿಗೆ ಬಂದು ಈ ಸುತ್ತು ಹೊಡೆಯಲಿ.

ಹೊಟ್ಟೆ ಉರಿಯುವ ಸಂಗತಿ ಬೇರೆಯೇ ಇದೆ. ಈ ಗೋಡೆ ಕಟ್ಟಿದ ಮೇಸ್ತ್ರಿ ಸ್ವತಃ ಫಿದೆನ್ಸಿಯೋ. ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನಕ್ಷೆಯಲ್ಲಿ ಹೆದ್ದಾರಿಯ ಕಡೆಗೊಂದು ಸಣ್ಣ ಬಾಗಿಲಿತ್ತು. ಒಂದು ಮೀಟರು ಅಗಲದ ಜಾಗ ಬಿಟ್ಟೇ ಅವರು ಗೋಡೆ ಎಬ್ಬಿಸಿದ್ದರು.

ಅಷ್ಟರಲ್ಲಿ ಮೇ ಮೂರು ಬಂತು. ಶಿಲುಬೆಯ ಹಬ್ಬ, ಗಾರೆ ಕೆಲಸದವರ ಹಬ್ಬ. ಅವತ್ತು ಕೆಲಸ ನಡೆಯುವ ಕಡೆಯೆಲ್ಲ ಮರದ ಶಿಲುಬೆಗೆ ಹೂವು, ಬಣ್ಣದ ಕಾಗದ ಸುತ್ತಿ ನಿಲ್ಲಿಸುತ್ತಾರೆ. ಕೆಲಸ ಮಾಡಿಸುವವನು ಎಲ್ಲರಿಗೂ ಊಟ ಹಾಕಬೇಕು. ಆಗಿನ ಇಂಜಿನಿಯರ್ ಧಾರಾಳವಾಗಿಯೇ ಹಾಕಿದ. ಹಂದಿಮಾಂಸ, ಬಿಯರು, ವಾದ್ಯದವರು. ಎಲ್ಲರೆದುರು ಫಿದೆನ್ಸಿಯೋರನ್ನು ತಬ್ಬಿಕೊಂಡು, "ಇಂಥ ಮೇಸ್ತ್ರಿ ಈ ನಾಡಲ್ಲೇ ಇಲ್ಲ" ಎಂದು ಲೋಟ ಎತ್ತಿದ. ಆಮೇಲೆ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ: "ಆ ಸಣ್ಣ ಬಾಗಿಲಿದೆಯಲ್ಲ, ಮುಚ್ಚಿಬಿಡಿ. ಅಲ್ಲೊಬ್ಬ ಕಾವಲುಗಾರನ್ನ ಯಾರು ಸಾಕ್ತಾರೆ?"

"ಬಾಯಲ್ಲಿ ಅವನು ಹಾಕಿದ ಮಾಂಸ ಇತ್ತು," ಎನ್ನುತ್ತಾರೆ ಫಿದೆನ್ಸಿಯೋ. "ಜನ ಎಲ್ಲಿಂದ ಓಡಾಡ್ತಾರೆ ಸ್ವಾಮಿ ಅಂತ ಕೇಳ್ಬೇಕಿತ್ತು. ಕೇಳ್ಲಿಲ್ಲ. ಹೊಗಳಿಸ್ಕೊಂಡು ಉಬ್ಬಿಹೋಗಿದ್ದೆ. ಬೆಳಿಗ್ಗೆ ಎದ್ದು ಮುಚ್ಚಿದೆ. ಎರಡೇ ಗಂಟೆ ಕೆಲಸ."

ಮುಂದಿನ ವರ್ಷ ಅದೇ ಬಡಾವಣೆಯಲ್ಲಿ ಕಂತಿನ ಮೇಲೆ ಮನೆ ಸಿಕ್ಕಿತು. ಗೋಡೆ ಪಕ್ಕದ ಬೀದಿಯಲ್ಲೇ. ಬಂದ ಮೊದಲ ವಾರ ಎಲ್ಪಿದಿಯಾ ಪಾತ್ರೆ ಹೊತ್ತು ನಾಲ್ಕು ಕಿಲೋಮೀಟರು ನಡೆದರು. ಎಂಟನೆಯ ದಿನ ಫಿದೆನ್ಸಿಯೋ ಏಣಿ ಮಾಡಿದರು.

ಈಗ ಆ ಏಣಿಗೂ ಕುತ್ತು ಬಂದಿದೆ. ಕಮಾನಿನ ಬಳಿಯ ಕಾರಿನ ಮಂದಿಗೆ ಕಳ್ಳರ ಭಯ. ಎರಡು ಮನೆಯಲ್ಲಿ ಟಿವಿ ಹೋದವಂತೆ, ಕಳ್ಳರು ಏಣಿಯಿಂದಲೇ ಬಂದರಂತೆ. ಗೋಡೆಯ ಮೇಲೆ ಇನ್ನೂ ಐದು ಸಾಲು ಸಿಮೆಂಟ್ ಇಟ್ಟಿಗೆ ಏರಿಸಬೇಕೆಂದು ಅವರ ಹಟ. ಹೆದ್ದಾರಿ ಕಡೆಯ ಬೀದಿಗಳವರು ಹಳೆಯ ಬಾಗಿಲನ್ನು ಮತ್ತೆ ತೆರೆಯಿರಿ ಎನ್ನುತ್ತಾರೆ. ಎಲ್ಪಿದಿಯಾಗೆ ಇದು ಬರೀ ಗೋಡೆಯ ಮಾತಲ್ಲ. ಬಾಗಿಲಾದರೆ ನಲವತ್ತು ಹೆಜ್ಜೆ, ಐದು ಸಾಲು ಏರಿದರೆ ಮನೆಯೇ ಗತಿ.

ಭಾನುವಾರ ಕಾರಂಜಿಯ ಪಕ್ಕದಲ್ಲಿ ಸಭೆ. ಕೈ ಎತ್ತಿದವರಲ್ಲಿ ಬಾಗಿಲು ಬೇಕೆಂದವರೇ ಹೆಚ್ಚು. ಆದರೆ ಆರುನೂರು ಮನೆ ಖಾಲಿ ಬಿದ್ದಿವೆ, ಅವುಗಳ ಮತ ಕಟ್ಟಿಸಿದ ಕಂಪನಿಯ ಕೈಯಲ್ಲಿದೆ. ಕಿಟಕಿ ಒಡೆದ, ಬೆಕ್ಕು ಮರಿಹಾಕುವ ಮನೆಗಳು ಮತ ಹಾಕಿ ಗೆದ್ದವು. ಏಣಿ ಹತ್ತುವ ಬಸುರಿ ಸೋತಳು. ಥೂ!

ಆದರೂ ಒಂದು ಆಸೆ ಉಳಿದಿದೆ. ಕಂಪನಿಯ ಹೊಸ ಇಂಜಿನಿಯರ್ ಒಲ್ವೇರಾ ಎಚ್ಚರದ ಮನುಷ್ಯ. ಹಳೆಯ ಕಾಗದಪತ್ರ ಕಳೆದುಹೋಗಿವೆ, ಅಡಿಪಾಯ ಹೇಗಿದೆಯೋ ತಿಳಿಯದೆ ಮೇಲೆ ಭಾರ ಹೇರಲಾರೆ ಎಂದು ಮೊದಲೇ ಹೇಳಿದ್ದಾನೆ. ಅಡಿಪಾಯ ತಡೆಯುವುದಿಲ್ಲವಾದರೆ ಎತ್ತರಿಸುವ ಯೋಜನೆ ಕೈಬಿಟ್ಟು ಬಾಗಿಲು ಇಡಿಸಿ, ಕಾವಲು ಹಾಕುತ್ತಾನೆ. ಗುಂಡಿ ತೋಡಿ ನೋಡುವ ಬದಲು ಕಟ್ಟಿದವರನ್ನೇ ಕೇಳುವುದು ಅವನ ಲೆಕ್ಕ. ಶನಿವಾರವೇ ಎಲ್ಪಿದಿಯಾ ಗಂಡನಿಗೆ ಪಾಠ ಹೇಳಿಕೊಟ್ಟಿದ್ದರು.

"ತಡೆಯಲ್ಲ ಅಂತ ಅಂದ್ಬಿಡಿ. ಒಂದೇ ಮಾತು. ಆಮೇಲೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

"ಅಷ್ಟೂ ಗೊತ್ತಾಗಲ್ವೇನೇ ನನಗೆ?"

"ಗೊತ್ತಿದ್ದಿದ್ರೆ ಈ ಗತಿ ಯಾಕೆ ಬರ್ತಿತ್ತು? ಒಂದ್ಸಲ ಹೇಳಿ, ಕೇಳ್ತೀನಿ."

"ತಡೆಯಲ್ಲ," ಎಂದು ಫಿದೆನ್ಸಿಯೋ ಹೇಳಿ ತೋರಿಸಿದರು. ಎರಡು ಸಲ.

ಸಭೆಯಲ್ಲಿ ಒಲ್ವೇರಾ ಕೇಳುತ್ತಾನೆ: "ಗೋಡೆ ಕಟ್ಟಿದ ಮೇಸ್ತ್ರಿ ಇಲ್ಲೇ ಇದ್ದಾರಂತಲ್ಲ, ಯಾರು?" ಎಲ್ಲರ ತಲೆ ತಿರುಗುತ್ತದೆ. ಫಿದೆನ್ಸಿಯೋ ಟೋಪಿ ತೆಗೆದು ಎದ್ದು ನಿಲ್ಲುತ್ತಾರೆ.

"ಇನ್ನೈದು ಸಾಲು ತಡೆಯುತ್ತಾ ಮೇಸ್ತ್ರಿ? ನಾಚ್ಕೋಬೇಡಿ, ಇದ್ದದ್ದು ಹೇಳಿ. ಇಂಥ ಬಡಾವಣೆ ಗೋಡೆಗಳ ಹಣೆಬರಹ ನನಗೆ ಗೊತ್ತು. ಒಂದು ಗೇಣು ಅಗೆದು, ಕಸಕಡ್ಡಿ ತುಂಬಿ, ಮೇಲೆ ಇಟ್ಟಿಗೆ ಇಟ್ಟಿರ್ತಾರೆ. ಇದೂ ಅದೇ ಅಲ್ವಾ?"

ಹೌದು ಎಂದರೆ ಮುಗಿಯಿತು. ಒಂದು ಸಲ ತಲೆಯಾಡಿಸಿದ್ದರೂ ಸಾಕಿತ್ತು. ಎಲ್ಪಿದಿಯಾ ಅವರ ಅಂಗಿಯ ತುದಿಯನ್ನು ಹಿಡಿದುಕೊಂಡಿದ್ದಾರೆ. ಫಿದೆನ್ಸಿಯೋರ ಕಿವಿ ಕೆಂಪಾಗುತ್ತದೆ.

"ಒಂದು ಗೇಣಾ?" ಎನ್ನುತ್ತಾರೆ. "ಯಾರ ಮುಂದೆ ಮಾತಾಡ್ತಿದೀರಿ? ಎದೆಮಟ್ಟ ಅಗೆದಿದೀನಿ ನಾನು. ಕಪ್ಪು ಕಲ್ಲು ಒಂದೊಂದನ್ನೂ ತೊಳೆದು ಇಟ್ಟಿದೀನಿ. ಐದಲ್ಲ, ಹತ್ತು ಸಾಲು ಇಡಿ. ಕೂದಲೆಳೆಯಷ್ಟು ಅಲುಗಿದ್ರೆ ಈ ಮೀಸೆ ಬೋಳಿಸಿ!"

ಕಮಾನಿನ ಕಡೆಯವರು ಚಪ್ಪಾಳೆ ತಟ್ಟುತ್ತಾರೆ. ಒಲ್ವೇರಾ ಏನೋ ಬರೆದುಕೊಳ್ಳುತ್ತಾನೆ. ಎಲ್ಪಿದಿಯಾ ಅಂಗಿಯ ತುದಿ ಬಿಟ್ಟು, ಶಾಲು ಹೊದ್ದು, ಮಂಡಿ ಹಿಡಿದುಕೊಂಡು ಒಬ್ಬರೇ ಮನೆ ಕಡೆ ನಡೆಯುತ್ತಾರೆ.

ಮೂರು ವಾರದಲ್ಲಿ ಐದು ಸಾಲು ಏರಿವೆ. ಕಟ್ಟಿದವರು ಬೇರೆ ಊರಿನವರು. ಫಿದೆನ್ಸಿಯೋ ಹದಿನೈದು ಮೆಟ್ಟಿಲ ಹೊಸ ಏಣಿ ಮಾಡಿದ್ದಾರೆ. ಮುನ್ನೂರ ನಲವತ್ತು ಇದ್ದವರು ಇನ್ನೂರಕ್ಕೆ ಇಳಿದಿದ್ದಾರೆ, ಉಳಿದವರು ನಾಲ್ಕಕ್ಕೇ ಎದ್ದು ಕಮಾನು ಸುತ್ತಿ ಹೋಗುತ್ತಾರೆ. ಎಲ್ಪಿದಿಯಾ ಹೊಸ ಏಣಿಯನ್ನು ಒಂದೇ ಸಲ ಹತ್ತಲು ನೋಡಿದರು. ಹನ್ನೆರಡನೆಯ ಮೆಟ್ಟಿಲಿಗೆ ಕಾಲು ಮೇಲೇಳಲಿಲ್ಲ. ಯಾದಿರಾ ಕೆಳಗಿನಿಂದ ಹಿಡಿದು ಇಳಿಸಿದಳು. ಈಗ ಈಚೆಯೇ ಸ್ಟೂಲು ಹಾಕಿ ಕೂರುತ್ತಾರೆ. ಏಣಿ ಹತ್ತುವವರಿಗೆ ಎರಡೂ ಕೈ ಬೇಕು, ತಮಾಲೆ ಕೊಳ್ಳುವವರು ಕಡಿಮೆ. ಆಚೆಯಿಂದ ಚಾಲಕರು ಹಾರ್ನ್ ಹೊಡೆದು "ಅಮ್ಮಾ!" ಎಂದು ಕೂಗುತ್ತಾರೆ. ಆಕೆ ಇಲ್ಲಿಂದಲೇ "ಹೂಂ ಕಣ್ರೋ" ಎನ್ನುತ್ತಾರೆ.

ಗಂಡನ ಮೇಲೆ ಕೋಪವೇ ಎಂದರೆ ಆಕೆ ಪಾತ್ರೆಯ ಮುಚ್ಚಳ ಸರಿಮಾಡುತ್ತಾರೆ. "ಬೈದ್ರೆ ನಾಲಿಗೆಗೆ ದಂಡ. ಆ ಮನುಷ್ಯನಿಗೆ ಸುಳ್ಳು ಹೇಳೋಕೆ ಬರುತ್ತೆ. ಗಾರೆ ವಿಷಯದಲ್ಲಿ ಮಾತ್ರ ಬರಲ್ಲ."

ಏಳು ಗಂಟೆಗೆ ಕೊನೆಯವರು ದಾಟುತ್ತಾರೆ. ಫಿದೆನ್ಸಿಯೋ ಏಣಿ ಎಳೆದುಕೊಂಡು, ಹೆಂಡತಿಯ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂರುತ್ತಾರೆ. ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಟೋಪಿ ತೆಗೆದು ಮಂಡಿಯ ಮೇಲಿಡುತ್ತಾರೆ.

"ಭೂಕಂಪ ಆದಾಗ ಈ ಊರಿನೋರೆಲ್ಲ ಗೋಡೆ ನಿಲ್ಲಲಿ ದೇವರೇ ಅಂತ ಬೇಡ್ಕೋತಾರೆ. ಹೋದ ವಾರ ನಡುಗಿತಲ್ಲ, ಆಗ ನಾನು ಬೀದಿಗೆ ಓಡಿಬಂದು, ಇದೊಂದು ಬೀಳ್ಲಿ ಅಂತ ಬೇಡ್ಕೊಂಡೆ." ಬೆರಳ ಗೆಣ್ಣಿನಿಂದ ಗೋಡೆಯನ್ನು ಒಮ್ಮೆ ಬಡಿಯುತ್ತಾರೆ. "ಬೀಳಲ್ಲ ಬಿಡಿ. ನಾನು ಕಟ್ಟಿದ್ದು."